ಸಂಧಿವಾತ ಮತ್ತು ಮೂಳೆ ಮುರಿತ



ಬೆಳಿಗ್ಗೆ ಎದ್ದೊಡನೆ ಬೆರಳುಗಳು ಮಡಿಸಲಾರದಂತೆ ಬಿಗಿದು, ಎರಡೂ ಕೈಗಳ ಗೆಣ್ಣುಗಳು ಊದಿಕೊಳ್ಳುವ ರೂಮಟಾಯ್ಡ್ ಸಂಧಿವಾತವನ್ನು ನಾವು ಕೀಲುಗಳ ಬೇನೆಯೆಂದೇ ಬಲ್ಲೆವು. ಈ ವ್ಯಾಧಿಯು ಮೂಳೆಗಳನ್ನೂ ಸದ್ದಿಲ್ಲದೆ ದುರ್ಬಲಗೊಳಿಸುತ್ತದೆ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಮೂಳೆಯು ಜಡವಸ್ತುವಲ್ಲ. ಹಳೆಯದನ್ನು ಕರಗಿಸುವ ಹಾಗೂ ಹೊಸದನ್ನು ಕಟ್ಟುವ ಜೀವಕೋಶಗಳು ಅದರಲ್ಲಿ ಸದಾ ದುಡಿಯುತ್ತಿರುತ್ತವೆ. ಸಂಧಿವಾತದ ಉರಿಯೂತವು ಕರಗಿಸುವ ಕೋಶಗಳನ್ನು ಪ್ರಚೋದಿಸುತ್ತದೆ. ನೋವಿನಿಂದ ನಡಿಗೆ ಕುಂದಿದಾಗ ಮೂಳೆ ಇನ್ನಷ್ಟು ಸವೆಯುತ್ತದೆ. ಬೀಳುವ ಸಂಭವವೂ ಹೆಚ್ಚುತ್ತದೆ.

ಮತ್ತೊಂದು ಕಾರಣ ಔಷಧಿಯೇ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಡಾ. ಫಿಲಿಪ್ ಹೆಂಚ್ ಅವರು ಸಂಧಿವಾತದಿಂದ ನಡೆಯಲಾಗದಿದ್ದ ಮಹಿಳೆಯೊಬ್ಬರಿಗೆ ಕಾರ್ಟಿಸೋನ್ ನೀಡಿದಾಗ ಆಕೆ ಕೆಲವೇ ದಿನಗಳಲ್ಲಿ ಎದ್ದು ನಡೆದಾಡಿದರು. 1950ರಲ್ಲಿ ಹೆಂಚ್ ಅವರು ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು. ಆದರೆ ಪ್ರೆಡ್ನಿಸೋಲೋನ್ ಮುಂತಾದ ಇದೇ ವರ್ಗದ ಸ್ಟೀರಾಯ್ಡುಗಳು ಹೊಸ ಮೂಳೆಯ ರಚನೆಯನ್ನು ಕುಗ್ಗಿಸುತ್ತವೆ. ಸೇವನೆಯ ಮೊದಲ 3ರಿಂದ 6 ತಿಂಗಳಲ್ಲಿಯೇ ಮುರಿತದ ಅಪಾಯ ಏರತೊಡಗುತ್ತದೆ.

ಹಾಗೆಂದು ಮಾತ್ರೆಯನ್ನು ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು. ಅದು ಪ್ರಾಣಾಪಾಯವನ್ನೇ ತರಬಹುದು. ಹಳೆಯ ಚೀಟಿ ತೋರಿಸಿ ಮಾತ್ರೆ ಕೊಂಡು ನುಂಗುತ್ತಿರುವುದೂ, ಹೆಸರಿಲ್ಲದ ಪುಡಿಗಳನ್ನು ನಂಬುವುದೂ ಅಷ್ಟೇ ಅಹಿತಕರ. ವೈದ್ಯರು ಡೆಕ್ಸಾ ಪರೀಕ್ಷೆಯಿಂದ ಮೂಳೆಯ ಸಾಂದ್ರತೆಯನ್ನು ಅಳೆಯಬಲ್ಲರು. ಅವಶ್ಯವಿದ್ದರೆ ಮೂಳೆಯನ್ನು ರಕ್ಷಿಸುವ ಔಷಧಿಗಳನ್ನೂ ಕೊಡಬಲ್ಲರು. ಉರಿಯೂತವನ್ನು ಹತೋಟಿಯಲ್ಲಿಡುವುದೇ ಮೂಳೆಗೂ ಮೊದಲ ರಕ್ಷಣೆ. ರಾಗಿ, ಹಾಲು, ಮೊಸರು ಸುಣ್ಣದ ಅಂಶವನ್ನು ಒದಗಿಸುತ್ತವೆ. ಎಳ್ಳಷ್ಟೂ ಬಿಸಿಲು ಬೀಳದ ಮನೆಗಳಲ್ಲಿ ವಾಸಿಸುವವರು ವಿಟಮಿನ್ ಡಿ ಕುರಿತು ವಿಚಾರಿಸುವುದು ಒಳಿತು. ಬಚ್ಚಲುಮನೆಯ ಗೋಡೆಗೆ ಹಿಡಿಕೆಯೊಂದನ್ನು ಹಾಕಿಸುವುದು ಅಲ್ಪ ವೆಚ್ಚದ ಕೆಲಸ.

ಕೊನೆಯದಾಗಿ ಒಂದು ಮಾತು. ಊರಿನಿಂದ ಮುಂಬಯಿಗೋ ದೆಹಲಿಗೋ ಮಕ್ಕಳ ಮನೆಗೆ ಬಂದ ತಾಯಂದಿರು ಅನೇಕರು. ಇಲ್ಲಿನ ವೈದ್ಯರ ಭಾಷೆ ಅವರಿಗೆ ತಿಳಿಯದು. ನಾವು ಪಕ್ಕದಲ್ಲಿ ನಿಂತು "ಕೀಲುನೋವು" ಎಂದಷ್ಟೇ ಅನುವಾದಿಸಿ ಮುಗಿಸುತ್ತೇವೆ. ಬೆನ್ನು ಬಾಗಿದುದನ್ನು, ಎತ್ತರ ಕುಗ್ಗಿದುದನ್ನು, ಎಷ್ಟು ವರ್ಷಗಳಿಂದ ಯಾವ ಮಾತ್ರೆ ನಡೆದಿದೆ ಎಂಬುದನ್ನು ಹೇಳದೆ ಬಿಡುತ್ತೇವೆ. ಬೆನ್ನುಮೂಳೆಯ ಮುರಿತ ಎಷ್ಟೋ ವೇಳೆ ಬೀಳದೆಯೂ, ಹೆಚ್ಚು ನೋವಿಲ್ಲದೆಯೂ ಆಗಿರುತ್ತದೆ. ಆದುದರಿಂದ ಮುಂದಿನ ಭೇಟಿಯಲ್ಲಿ ಎಲ್ಲ ಔಷಧಿಗಳನ್ನೂ ಜೊತೆಗೊಯ್ದು, "ಇವರ ಮೂಳೆಗಳ ಸ್ಥಿತಿ ಹೇಗಿದೆ?" ಎಂದು ತಪ್ಪದೆ ಕೇಳಬೇಕೆಂದು ವಿನಂತಿಸುತ್ತೇನೆ.