ಯಂತ್ರದೊಳಗಿನ ತಮಟೆ

ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯ ಜಾತ್ರೆಗಳಲ್ಲಿ ತಮಟೆಯವರು ಬಾರಿಸುವ ಮುನ್ನ ಹುಲ್ಲಿಗೆ ಬೆಂಕಿ ಹಚ್ಚಿ ಚರ್ಮ ಕಾಯಿಸುತ್ತಾರೆ. ಕಾದ ಚರ್ಮ ಬಿಗಿಯಾಗಿ ನಾದ ಏರುತ್ತದೆ, ಆರಿದಂತೆ ಇಳಿಯುತ್ತದೆ. ಸಿಂಥಸೈಜರ್ ನುಡಿಸುವ ನನಗೆ ಈ ಏರಿಳಿತವೇ ಪ್ರಾಣ. ಒಂದೇ ಪೆಟ್ಟನ್ನು ಸ್ಯಾಂಪಲ್ ಮಾಡಿ ಕೀಲಿಮಣೆಗೆ ಹಾಕಿದರೆ ಅದು ಸಿಗುವುದಿಲ್ಲ. ಕಾದಾಗಿನದು, ಆರಿದಾಗಿನದು, ನಡುವಿನದು, ಅಂಚಿನದು ಎಂದು ಬೇರೆ ಬೇರೆಯಾಗಿಯೇ ಧ್ವನಿಮುದ್ರಿಸಬೇಕು.

ಯಂತ್ರವೇನೂ ನಮಗೆ ಹೊರಗಿನದಲ್ಲ. ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರಲ್ಲೇ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಇತ್ತ ತಮಟೆಗೂ ಮನ್ನಣೆ ಸಿಕ್ಕಿದೆ: 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ಚಿಕ್ಕಬಳ್ಳಾಪುರ ಸೀಮೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು.

ಮಾಲೂರು, ಶ್ರೀನಿವಾಸಪುರದ ಹುಡುಗ ಹುಡುಗಿಯರೇ, ನಿಮ್ಮೂರಿನ ತಮಟೆಯವರನ್ನು ಕೇಳಿಕೊಂಡು ಧ್ವನಿಮುದ್ರಿಸಿ, ಹಾಡು ಕಟ್ಟಿ. ಬಾರಿಸಿದವರ ಹೆಸರು ಹಾಕಿ, ಸಂಭಾವನೆಯನ್ನೂ ಕೊಡಿ.