ಸಾವಿನ ಖರ್ಚು: ಬನಶಂಕರಿಯ ಚಿತಾಗಾರದಿಂದ ಮಲೆನಾಡಿನ ಮಾವಿನ ಮರದವರೆಗೆ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಪರಿಸರ ಅಧ್ಯಯನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಸುಡುಗಾಡಿನಲ್ಲಿ ಹಣ ಕೇಳುವ ಕಥೆ ಕನ್ನಡಿಗರಿಗೆ ಹೊಸದಲ್ಲ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಲ್ಲಿ ಚಂದ್ರಮತಿಯು ಹಾವು ಕಚ್ಚಿ ಸತ್ತ ಮಗನನ್ನು ಹೊತ್ತು ಸುಡುಗಾಡಿಗೆ ಬರುತ್ತಾಳೆ. ಅಲ್ಲಿ ಕಾವಲಿಗೆ ನಿಂತ ಹರಿಶ್ಚಂದ್ರನು, ಒಡೆಯನಿಗೆ ಸಲ್ಲಬೇಕಾದ ತೆರಿಗೆಯನ್ನು ಕೊಡದೆ ಸುಡಲು ಬಿಡುವುದಿಲ್ಲ. ಕೇಳಿದವರ ಕಣ್ಣಲ್ಲಿ ಶತಮಾನಗಳಿಂದ ನೀರು ತರಿಸಿದ ಪ್ರಸಂಗವಿದು. ಆದರೆ ಅದರಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅಲ್ಲಿ ತೆರಿಗೆ ನಿಗದಿಯಾಗಿತ್ತು. ಅದು ಯಾರಿಗೆ ಸೇರುತ್ತದೆ ಎಂಬುದೂ ಗೊತ್ತಿತ್ತು. ಇಂದು ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಒಂದು ಸಾವು ಸಂಭವಿಸಿದರೆ, ಮನೆಯವರು ತೆರುವ ಹಣದಲ್ಲಿ ನಿಗದಿಯಾದ ಶುಲ್ಕದ ಪಾಲು ಅತ್ಯಲ್ಪ. ಉಳಿದದ್ದೆಲ್ಲ ಗಡಿಬಿಡಿಯಲ್ಲಿ, ದುಃಖದಲ್ಲಿ, ಕೇಳಿದಷ್ಟು ಕೊಟ್ಟು ಕೈತೊಳೆದುಕೊಳ್ಳುವ ಹಣ.

ಬೆಂಗಳೂರಿನ ಸಾವಿನ ಲೆಕ್ಕ ಗುಡ್ಡಗಾಡಿನ ಜನರಿಗೆ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಮಲೆನಾಡಿನ ಹಳ್ಳಿಗಳಿಂದ ಹೃದಯದ ಕಾಯಿಲೆಗೆ ಜಯದೇವ ಆಸ್ಪತ್ರೆಗೆ, ಕ್ಯಾನ್ಸರಿಗೆ ಕಿದ್ವಾಯಿಗೆ, ನರರೋಗಕ್ಕೆ ನಿಮ್ಹಾನ್ಸಿಗೆ ಹೋಗುವವರು ಅನೇಕರು. ಈ ಮೂರೂ ಜಯನಗರದ ಸುತ್ತಲೇ ಇವೆ. ಹಳ್ಳಿಯ ಮಕ್ಕಳು ಬಾಡಿಗೆ ಮನೆ ಹಿಡಿದು ನೆಲೆಸಿರುವುದೂ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಲೇಔಟುಗಳಲ್ಲಿಯೇ. ಹೀಗಾಗಿ ಊರಿನ ಹಿರಿಯರ ಕೊನೆಯುಸಿರು ಎಷ್ಟೋ ಬಾರಿ ಆ ಬಡಾವಣೆಗಳಲ್ಲಿ ನಿಲ್ಲುತ್ತದೆ. ಶವವನ್ನು ಊರಿಗೆ ತರಬೇಕೇ, ಅಲ್ಲಿಯೇ ಸಂಸ್ಕಾರ ಮಾಡಬೇಕೇ ಎಂಬುದನ್ನು ಮನೆಯವರು ಅರ್ಧ ಗಂಟೆಯೊಳಗೆ ನಿರ್ಧರಿಸಬೇಕಾಗುತ್ತದೆ. ಆ ಅರ್ಧ ಗಂಟೆಗೆ ಬೇಕಾದ ತಿಳಿವಳಿಕೆಯನ್ನು ಮೊದಲೇ ಪಡೆದಿರುವುದು ಮೃತರಿಗೆ ತೋರುವ ಅಗೌರವವೇನೂ ಅಲ್ಲ.

ಆಸ್ಪತ್ರೆಯ ಬಾಗಿಲಲ್ಲಿ

ಮೊದಲ ಖರ್ಚು ಎದುರಾಗುವುದು ಆಸ್ಪತ್ರೆಯಲ್ಲಿ. ಬಾಕಿ ಹಣ ಕಟ್ಟುವವರೆಗೆ ಶವವನ್ನು ಬಿಟ್ಟುಕೊಡುವುದಿಲ್ಲ ಎಂಬ ಮಾತನ್ನು ಕೇಳಿ ಸಾಲ ಎತ್ತಿದ, ಒಡವೆ ಅಡವಿಟ್ಟ ಕುಟುಂಬಗಳಿವೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಇದನ್ನು ತಡೆಯುತ್ತದೆ. ಬಾಕಿಯನ್ನು ಮೊದಲು ತೀರಿಸಬೇಕೆಂದು ಒತ್ತಾಯಿಸದೆ ಶವವನ್ನು ಬಂಧುಗಳಿಗೆ ಒಪ್ಪಿಸಬೇಕು. ಬಾಕಿಯ ವಸೂಲಿ ಆಮೇಲಿನ ಮಾತು. ಸಾಲ ಮನ್ನಾ ಆಯಿತೆಂದು ಇದರ ಅರ್ಥವಲ್ಲ. ಶವವನ್ನು ಒತ್ತೆಯಾಗಿ ಇಟ್ಟುಕೊಳ್ಳುವಂತಿಲ್ಲ ಎಂದಷ್ಟೇ ಅರ್ಥ.

ಆಸ್ಪತ್ರೆಯಿಂದ ಹೊರಡುವ ಮುನ್ನ ಸಾವಿನ ಕಾರಣವನ್ನು ತಿಳಿಸುವ ವೈದ್ಯರ ಪ್ರಮಾಣಪತ್ರವನ್ನು ಪಡೆಯಬೇಕು. ಅಪಘಾತ, ವಿಷಸೇವನೆ, ಸಂಶಯಾಸ್ಪದ ಸಾವುಗಳಲ್ಲಿ ಪೊಲೀಸರ ಮಹಜರು ಮತ್ತು ಮರಣೋತ್ತರ ಪರೀಕ್ಷೆ ಮುಗಿಯದೆ ಶವ ಕೈಗೆ ಬಾರದು. ಈ ಕಾಗದಗಳಿಲ್ಲದೆ ನಗರದ ಚಿತಾಗಾರಕ್ಕೆ ಹೋದವರು ಮರಳಿ ಓಡಾಡಬೇಕಾಗುತ್ತದೆ. ವಾಹನದ ಬಾಡಿಗೆ ಬೆಳೆಯುತ್ತಲೇ ಇರುತ್ತದೆ.

ನಗರದ ಲೆಕ್ಕ

ದಕ್ಷಿಣ ಬೆಂಗಳೂರಿನವರಿಗೆ ಹತ್ತಿರವಿರುವ ವಿದ್ಯುತ್ ಚಿತಾಗಾರಗಳು ಬನಶಂಕರಿ ಮತ್ತು ವಿಲ್ಸನ್ ಗಾರ್ಡನ್‌ಗಳಲ್ಲಿವೆ. ಕಟ್ಟಿಗೆಯ ಚಿತೆಗೆ ಮತ್ತು ಹೂಳುವುದಕ್ಕೆ ಚಾಮರಾಜಪೇಟೆಯ ಟಿ.ಆರ್. ಮಿಲ್ ರುದ್ರಭೂಮಿಯಂಥ ಹಳೆಯ ಸ್ಥಳಗಳಿವೆ. ಕ್ರೈಸ್ತರ ಹಳೆಯ ಸ್ಮಶಾನಗಳು ಹೊಸೂರು ರಸ್ತೆಯಲ್ಲಿವೆ. 2025ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲಿಗೆ ಐದು ನಗರ ಪಾಲಿಕೆಗಳು ಬಂದಿವೆ. ಆಡಳಿತದ ಫಲಕ ಬದಲಾದರೂ ಚಿತಾಗಾರ ಸಾರ್ವಜನಿಕ ಸೇವೆಯಾಗಿಯೇ ಉಳಿದಿದೆ ಎಂಬುದನ್ನು ಮರೆಯಬಾರದು.

ಸಾರ್ವಜನಿಕ ಶುಲ್ಕ ಎಷ್ಟು ಚಿಕ್ಕದೆಂಬುದು ಕೋವಿಡ್ ಕಾಲದಲ್ಲಿ ಎಲ್ಲರಿಗೂ ತಿಳಿಯಿತು. 2020ರ ಜುಲೈ ತಿಂಗಳಲ್ಲಿ ಕೋವಿಡ್‌ನಿಂದ ಸತ್ತವರ ಸಂಸ್ಕಾರದ ಶುಲ್ಕವನ್ನು ಮನ್ನಾ ಮಾಡಿದಾಗ ಅದರ ವಿವರ ಹೊರಬಂದಿತು. ದಹನಕ್ಕೆ 250 ರೂ., ಚಟ್ಟಕ್ಕೆ 900 ರೂ., ಬೂದಿ ಸಂಗ್ರಹಕ್ಕೆ 100 ರೂ. ಒಟ್ಟು 1,250 ರೂಪಾಯಿ. ಇಂದಿನ ದರವನ್ನು ಕಚೇರಿಯಲ್ಲಿಯೇ ಕೇಳಿ ರಸೀದಿ ಪಡೆಯಬೇಕು. ಆದರೂ ಒಂದು ಅಳತೆಗೋಲಾಗಿ ಈ ಸಂಖ್ಯೆಯನ್ನು ನೆನಪಿಡುವುದು ಉಪಯುಕ್ತ.

ಹಾಗಿದ್ದರೆ ಸಾವಿರಗಳು ಹತ್ತಾರು ಸಾವಿರಗಳಾಗುವುದು ಎಲ್ಲಿ? ಶೈತ್ಯಪೆಟ್ಟಿಗೆಯ ದಿನಬಾಡಿಗೆ, ಶವವಾಹನ, ಹೂವಿನ ಅಲಂಕಾರ, ಸಾಮಗ್ರಿ, ಪುರೋಹಿತರ ದಕ್ಷಿಣೆ, ಕೆಲಸಗಾರರ ಕೈಗೆ ಕೊಡುವ ಹಣ, ಅಸ್ಥಿ ವಿಸರ್ಜನೆಯ ಪ್ರಯಾಣ, ಕೊನೆಗೆ ಹನ್ನೊಂದು ಅಥವಾ ಹದಿಮೂರನೆಯ ದಿನದ ಊಟ. ಇವುಗಳಲ್ಲಿ ಬಹುಪಾಲನ್ನು ಒಟ್ಟಾಗಿ ಕಟ್ಟಿ ‘ಪ್ಯಾಕೇಜ್’ ಎಂದು ಮಾರುವ ಖಾಸಗಿ ಸಂಸ್ಥೆಗಳು ನಗರದಲ್ಲಿವೆ. ಒಂಟಿಯಾಗಿರುವ ವೃದ್ಧರಿಗೆ, ಮಕ್ಕಳು ಹೊರದೇಶದಲ್ಲಿರುವ ಮನೆಗಳಿಗೆ ಅವು ನಿಜವಾದ ಸಹಾಯ ಮಾಡುವುದುಂಟು. ಆದರೆ ಎರಡು ಪ್ಯಾಕೇಜುಗಳ ಒಟ್ಟು ಮೊತ್ತವನ್ನು ಹೋಲಿಸುವುದರಿಂದ ಏನೂ ತಿಳಿಯುವುದಿಲ್ಲ. ಒಂದರಲ್ಲಿ ವಾಹನ ಸೇರಿರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ; ಒಂದರಲ್ಲಿ ಪಾಲಿಕೆಯ ಶುಲ್ಕವೂ ಸೇರಿರುತ್ತದೆ, ಇನ್ನೊಂದರಲ್ಲಿ ಅದು ಬೇರೆ. ಬಾಬತ್ತುವಾರು ಬರೆಸಿಕೊಂಡು ಹೋಲಿಸುವುದೊಂದೇ ಸರಿಯಾದ ಮಾರ್ಗ. ಅಂತ್ಯಕ್ರಿಯೆ, ದಫನ, ಚಿತಾಗಾರ, ಶವಾಗಾರ ಹಾಗೂ ಶವಸಾಗಣೆಯ ಸೇವೆಗಳಿಗೆ ಜಿ.ಎಸ್.ಟಿ. ಇಲ್ಲ, 2017ರಲ್ಲಿ ಆ ಕಾಯ್ದೆ ಬಂದಾಗಿನಿಂದಲೂ ಇಲ್ಲ. ಬಿಲ್ಲಿನಲ್ಲಿ ಆ ಸೇವೆಗಳಿಗೆ ತೆರಿಗೆ ಕಂಡರೆ ಪ್ರಶ್ನಿಸಬೇಕು.

ಊರಿಗೆ ತರುವುದಾದರೆ ಲೆಕ್ಕ ಬೇರೆಯಾಗುತ್ತದೆ. ಶೃಂಗೇರಿ, ತೀರ್ಥಹಳ್ಳಿಯಂಥ ಊರುಗಳು ಬೆಂಗಳೂರಿನಿಂದ 300 ಕಿಲೋಮೀಟರಿಗೂ ದೂರ. ವಾಹನದವರು ಹೋಗಿ ಬರುವ ದಾರಿ ಎರಡಕ್ಕೂ ಬಾಡಿಗೆ ಹಿಡಿಯುತ್ತಾರೆ. ಲೆಕ್ಕಕ್ಕಾಗಿ ಕಿಲೋಮೀಟರಿಗೆ 20 ರೂ. ಎಂದಿಟ್ಟುಕೊಂಡರೂ 600 ಕಿಲೋಮೀಟರಿಗೆ 12,000 ರೂಪಾಯಿ. ಹುಟ್ಟಿದ ಮಣ್ಣಿಗೆ ಸೇರಬೇಕೆಂಬ ಹಂಬಲಕ್ಕೆ ಬೆಲೆ ಕಟ್ಟಲಾಗದು. ಆದರೆ ಆ ಹಂಬಲ ಮೃತರದ್ದೋ, ‘ಊರವರು ಏನೆನ್ನುವರೋ’ ಎಂಬ ಅಂಜಿಕೆಯದ್ದೋ ಎಂಬುದು ಮನೆಯವರಿಗೆ ಸ್ಪಷ್ಟವಿರಬೇಕು. ಬದುಕಿರುವಾಗಲೇ ಹಿರಿಯರ ಇಚ್ಛೆಯನ್ನು ಕೇಳಿಟ್ಟುಕೊಂಡರೆ ಈ ಗೊಂದಲವಿರದು.

ಹೂಳುವವರ ಲೆಕ್ಕ

ಲಿಂಗಾಯತರು, ಒಕ್ಕಲಿಗರಲ್ಲಿ ಹಲವರು, ದಲಿತರು, ಮುಸ್ಲಿಮರು, ಕ್ರೈಸ್ತರು ಹೂಳುವ ಪದ್ಧತಿಯವರು. ಕಟ್ಟಿಗೆ ಬೇಡ, ವಿದ್ಯುತ್ ಬೇಡ. ಮಣ್ಣಿನ ದೇಹ ಮಣ್ಣಿಗೆ ಸೇರುತ್ತದೆ. ಪರಿಸರದ ದೃಷ್ಟಿಯಿಂದ ಇದು ಹಗುರವಾದ ಪದ್ಧತಿ. ಮುಸ್ಲಿಮರಲ್ಲಿ ಹೊಲಿಗೆಯಿಲ್ಲದ ಬಿಳಿಯ ಬಟ್ಟೆ, ಮಸೀದಿಯ ಎಲ್ಲರಿಗೂ ಸೇರಿದ ಜನಾಜಾ, ಹೆಗಲು ಕೊಡುವ ನೆರೆಹೊರೆ ಇವಿಷ್ಟರಲ್ಲಿ ಸಂಸ್ಕಾರ ಮುಗಿಯುತ್ತದೆ. ಶ್ರೀಮಂತನಿಗೂ ಬಡವನಿಗೂ ಅದೇ ಬಟ್ಟೆ. ಖರ್ಚು ತಗ್ಗಿಸುವ ಪಾಠವನ್ನು ಇಲ್ಲಿಂದ ಯಾರಾದರೂ ಕಲಿಯಬಹುದು.

ಆದರೆ ಹೂಳುವವರಿಗೆ ನೆಲವೇ ದೊಡ್ಡ ಖರ್ಚು. ನಗರದಲ್ಲಿ ಹಳೆಯ ಸ್ಮಶಾನಗಳು ತುಂಬಿವೆ. ಒಂದೇ ಕುಟುಂಬದ ಗೋರಿಯನ್ನು ವರ್ಷಗಳ ನಂತರ ಮತ್ತೆ ತೆರೆದು ಬಳಸಬೇಕಾಗಿದೆ. ಮೇಲೆ ಕಟ್ಟುವ ಕಾಂಕ್ರೀಟು, ಗ್ರಾನೈಟುಗಳು ಖರ್ಚನ್ನು ಏರಿಸುವುದಲ್ಲದೆ ಮುಂದಿನವರ ಜಾಗವನ್ನೂ ಕಸಿಯುತ್ತವೆ. ಹಳ್ಳಿಯಲ್ಲಿ ನೆಲವುಳ್ಳವರು ತಮ್ಮ ತೋಟದಂಚಿನಲ್ಲಿ ಹೂಳುತ್ತಾರೆ. ನೆಲವಿಲ್ಲದವರು, ಅದರಲ್ಲೂ ದಲಿತ ಕುಟುಂಬಗಳು, ಹಳ್ಳದ ದಡವನ್ನೋ ರಸ್ತೆಯ ಅಂಚನ್ನೋ ಹುಡುಕಬೇಕು. ಸ್ಮಶಾನವಿಲ್ಲದ ಹಳ್ಳಿಗಳಿಗೆ ಜಾಗ ಒದಗಿಸಬೇಕೆಂದು ಕರ್ನಾಟಕ ಉಚ್ಚ ನ್ಯಾಯಾಲಯವು 2019ರಲ್ಲಿ ಸರ್ಕಾರಕ್ಕೆ ಆದೇಶಿಸಿತು. ತಮ್ಮ ಊರಿನ ಸ್ಮಶಾನದ ಸರ್ವೆ ನಂಬರು ಯಾವುದು, ಅಳತೆ ಎಷ್ಟು, ಒತ್ತುವರಿ ಆಗಿದೆಯೇ, ಅಲ್ಲಿಗೆ ಎಲ್ಲ ಜಾತಿಯವರೂ ಹೋಗಬಹುದೇ ಎಂಬುದನ್ನು ವಿದ್ಯಾರ್ಥಿಗಳು ಗ್ರಾಮ ಪಂಚಾಯತಿಯಲ್ಲಿ ಕೇಳಿ ಬರೆದುಕೊಳ್ಳುವುದು ಒಳ್ಳೆಯ ಅಧ್ಯಯನವಾದೀತು.

ಬೆಟ್ಟದ ಲೆಕ್ಕ

ಇನ್ನು ಹಳ್ಳಿಯ ಚಿತೆ. ‘ಊರಲ್ಲಿ ಸುಡುವುದಕ್ಕೆ ಖರ್ಚಿಲ್ಲ, ಬೆಟ್ಟದಲ್ಲಿ ಮರವಿದೆ’ ಎಂಬ ಮಾತನ್ನು ಮಲೆನಾಡಿನಲ್ಲಿ ಎಲ್ಲೆಲ್ಲೂ ಕೇಳಬಹುದು. ಬಯಲಿನ ಚಿತೆಗೆ ಸಾಮಾನ್ಯವಾಗಿ 300ರಿಂದ 500 ಕಿಲೋ ಕಟ್ಟಿಗೆ ಬೇಕು. ಮಳೆಗಾಲದ ಹಸಿ ಕಟ್ಟಿಗೆಯಾದರೆ ಇನ್ನೂ ಹೆಚ್ಚು. ಸತ್ತ ಮನೆಯ ಅಂಗಳದಂಚಿನ ಮಾವಿನ ಮರ ಆ ದಿನವೇ ಉರುಳುತ್ತದೆ. ಅಜ್ಜ ನೆಟ್ಟ ಮರವನ್ನು ಅಜ್ಜನಿಗೇ ಕಡಿಯುವುದರಲ್ಲಿ ಒಂದು ಅರ್ಥವಿದ್ದಿತು. ಆದರೆ ಆ ಅಜ್ಜ ನೆಟ್ಟಿದ್ದ, ಮೊಮ್ಮಗ ನೆಟ್ಟಿಲ್ಲ. ಅಪ್ಪೆಮಿಡಿಯ ಮರಗಳು ಕಡಿಮೆಯಾಗುತ್ತಿರುವ ಕಾಲದಲ್ಲಿ ಈ ಖರ್ಚನ್ನು ಯಾವ ರಸೀದಿಯೂ ತೋರಿಸುವುದಿಲ್ಲ.

ವರ್ಷಕ್ಕೆ 20 ಸಾವುಗಳಾಗುವ ಒಂದು ಪಂಚಾಯತಿಯನ್ನು ಊಹಿಸಿಕೊಳ್ಳಬಹುದು. ಒಂದು ಚಿತೆಗೆ 400 ಕಿಲೋದಂತೆ 8 ಟನ್ ಕಟ್ಟಿಗೆ. ಶಾಖ ಹೊರಗೆ ಸೋರದಂತೆ ತಡೆಯುವ ಒಲೆಯಂಥ ರಚನೆಯಿದ್ದರೆ ಈ ಪ್ರಮಾಣ ಬಹಳ ಇಳಿಯುತ್ತದೆ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಅನೇಕ ಹಳ್ಳಿಗಳ ರುದ್ರಭೂಮಿಗಳಲ್ಲಿ ‘ಸಿಲಿಕಾನ್ ಚೇಂಬರ್’ ಎಂದು ಕರೆಯುವ ಇಂಥ ಪೆಟ್ಟಿಗೆಗಳು ಬಂದಿವೆ. ತೆಂಗಿನ ಕರಟವನ್ನೂ ಇಂಧನವಾಗಿ ಬಳಸುವುದುಂಟು. ಚಿತೆಯ ವಿಧಿಗೆ ಭಂಗವಿಲ್ಲ, ಮಳೆಗಾಲಕ್ಕೆ ಮೇಲೊಂದು ಸೂರು ಇದ್ದರಾಯಿತು. ಕಟ್ಟಿಗೆ ಅರ್ಧಕ್ಕೆ ಇಳಿದರೂ ಆ ಪಂಚಾಯತಿಯಲ್ಲಿ ವರ್ಷಕ್ಕೆ 4 ಟನ್ ಉಳಿಯುತ್ತದೆ. 1983ರಲ್ಲಿ ಶಿರಸಿಯ ಸೀಮೆಯಲ್ಲಿ ಮರಗಳನ್ನು ಅಪ್ಪಿಕೊಂಡು ಉಳಿಸಿದ ಜನರ ನಾಡಿಗೆ ಇದು ಕಷ್ಟದ ಕೆಲಸವಲ್ಲ.

ಹಾಗೆಂದು ವಿದ್ಯುತ್ ಚಿತಾಗಾರವು ಪರಿಸರಕ್ಕೆ ಏನೂ ಹೊರೆಯಲ್ಲ ಎಂದು ಭಾವಿಸಬಾರದು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದ ಶರಾವತಿ ಕಣಿವೆಯ ಹಳ್ಳಿಗಳ ಮತ್ತು ಕಾಡಿನ ಬೆಲೆ ನಾಡಿನ ವಿದ್ಯುತ್ತಿನಲ್ಲಿ ಸೇರಿದೆ. ರಾಯಚೂರಿನ ಕಲ್ಲಿದ್ದಲಿನ ಹೊಗೆಯೂ ಸೇರಿದೆ. ಜೊತೆಗೆ ಕುಲುಮೆಯನ್ನು ಮೊದಲು ಕಾಯಿಸಬೇಕು. ಒಂದರ ಹಿಂದೆ ಒಂದು ಶವ ಬರುವ ನಗರದಲ್ಲಿ ಆ ಶಾಖ ಸದುಪಯೋಗವಾಗುತ್ತದೆ. ತಿಂಗಳಿಗೆ ಒಂದೆರಡು ಸಾವಿನ ಹಳ್ಳಿಗೆ ಅದು ಹೊಂದುವುದಿಲ್ಲ. ನಗರಕ್ಕೆ ವಿದ್ಯುತ್ ಕುಲುಮೆ, ಹಳ್ಳಿಗೆ ಕಡಿಮೆ ಕಟ್ಟಿಗೆಯ ಒಲೆ ಎಂಬುದು ನ್ಯಾಯವಾದ ಹಂಚಿಕೆ.

ಬೂದಿಯ ದಾರಿ

ದಕ್ಷಿಣ ಬೆಂಗಳೂರಿನ ಅನೇಕ ಕುಟುಂಬಗಳು ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಒಯ್ಯುತ್ತವೆ. ಅಸ್ಥಿಯೊಡನೆ ಬಟ್ಟೆ, ಮಡಕೆ, ಹೂಹಾರ, ಪ್ಲಾಸ್ಟಿಕ್ ಚೀಲಗಳೂ ನೀರಿಗೆ ಬೀಳುತ್ತವೆ. ಕೊಡಗಿನ ಬೆಟ್ಟದಲ್ಲಿ ಹುಟ್ಟಿದ ಆ ನದಿ ಅಲ್ಲಿಂದ ಕೆಳಕ್ಕೆ ಹರಿದು ಶಿವನಸಮುದ್ರದ ಸೀಮೆಗೆ ಬರುತ್ತದೆ. ಬೆಂಗಳೂರಿಗೆ ಕಾವೇರಿ ನೀರನ್ನು ಎತ್ತುವುದು ಅಲ್ಲಿಂದಲೇ. ಜಯನಗರದಿಂದ ಕಾರಿನಲ್ಲಿ ಹೋದ ಕಸದ ಸಾರ, ಶುದ್ಧೀಕರಣದ ಖರ್ಚಾಗಿ ಜಯನಗರಕ್ಕೇ ಮರಳುತ್ತದೆ. ಒಂದು ಹಿಡಿ ಅಸ್ಥಿಯನ್ನಷ್ಟೇ ನೀರಿಗೆ ಬಿಟ್ಟು, ಉಳಿದ ಬೂದಿಯನ್ನು ಒಂದು ಗಿಡದ ಬುಡಕ್ಕೆ ಹಾಕುವುದರಿಂದ ಶ್ರದ್ಧೆಗೇನೂ ಕುಂದಾಗದು.

ಕೈಯಲ್ಲಿರುವ ದಾರಿಗಳು

ಸರಳತೆಗೆ ನಾಡಿನಲ್ಲಿ ಮಾದರಿಗಳಿವೆ. ಗಿರೀಶ ಕಾರ್ನಾಡರು 2019ರ ಜೂನ್ 10ರಂದು ನಿಧನರಾದಾಗ, ಅವರ ಇಚ್ಛೆಯಂತೆ ಸರ್ಕಾರಿ ಗೌರವವಾಗಲಿ ವಿಧಿಗಳಾಗಲಿ ಇಲ್ಲದೆ ಕಲ್ಪಳ್ಳಿಯ ವಿದ್ಯುತ್ ಚಿತಾಗಾರದಲ್ಲಿ ಸಂಸ್ಕಾರ ನಡೆಯಿತು. ಮದುವೆಯ ದುಂದುವೆಚ್ಚಕ್ಕೆ ಕುವೆಂಪು ಅವರು ‘ಮಂತ್ರಮಾಂಗಲ್ಯ’ವನ್ನು ಕೊಟ್ಟರು, ಮಲೆನಾಡು ಅದನ್ನು ಒಪ್ಪಿಕೊಂಡಿತು. ಸಾವಿನ ಖರ್ಚಿಗೂ ಅಂಥದೇ ಒಂದು ಒಪ್ಪಂದ ಊರೂರಿನಲ್ಲಿ ಆಗಬಾರದೇಕೆ? ಉತ್ತರಕ್ರಿಯೆಯ ಊಟ ಇಷ್ಟು ಜನಕ್ಕೆ, ಇಂಥದೇ ಅಡುಗೆ ಎಂದು ಊರವರೇ ಸೇರಿ ನಿರ್ಧರಿಸಿದರೆ ಸಾಲ ಮಾಡಿ ಬಡಿಸುವ ಬಡವನ ಮಾನವೂ ಉಳಿಯುತ್ತದೆ.

ನೇತ್ರದಾನ, ದೇಹದಾನಗಳನ್ನೂ ಯೋಚಿಸಬಹುದು. ಸಾವಿನ ನಂತರ ಆರು ಗಂಟೆಗಳೊಳಗೆ ನೇತ್ರನಿಧಿಗೆ ತಿಳಿಸಿದರೆ ಕಣ್ಣುಗಳನ್ನು ಪಡೆಯುತ್ತಾರೆ. ಕುಟುಂಬಕ್ಕೆ ಖರ್ಚಿಲ್ಲ, ಸಂಸ್ಕಾರಕ್ಕೂ ಅಡ್ಡಿಯಿಲ್ಲ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳು ನಾಲ್ವರಿಗೆ ಬೆಳಕಾದವು. ದೇಹದಾನವನ್ನು ವೈದ್ಯಕೀಯ ಕಾಲೇಜುಗಳ ಅಂಗರಚನಾ ವಿಭಾಗಗಳು ಸ್ವೀಕರಿಸುತ್ತವೆ. ಬನಶಂಕರಿಯಲ್ಲಿಯೇ ಕೆಂಪೇಗೌಡ ವೈದ್ಯಕೀಯ ಕಾಲೇಜಿದೆ. ಮೊದಲೇ ಬರೆದುಕೊಟ್ಟು ಮನೆಯವರನ್ನು ಒಪ್ಪಿಸಿರಬೇಕು.

ಹಕ್ಕಿನ ಹಣವನ್ನು ಬಿಡಬಾರದು. ಬೊಮ್ಮನಹಳ್ಳಿ, ಹೊಸೂರು ರಸ್ತೆಯ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವ ಹಳ್ಳಿಯ ಹೆಣ್ಣುಮಕ್ಕಳು ಇ.ಎಸ್.ಐ. ವಿಮೆಗೆ ಒಳಪಟ್ಟಿದ್ದರೆ, ಅವರ ಅಂತ್ಯಕ್ರಿಯೆಗೆ 15,000 ರೂ.ವರೆಗಿನ ವೆಚ್ಚ ಕುಟುಂಬಕ್ಕೆ ಸಲ್ಲುತ್ತದೆ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. 30 ದಿನ ಮೀರಿದರೆ ಮೇಲಧಿಕಾರಿಯ ಅನುಮತಿ, ವರ್ಷ ಮೀರಿದರೆ ದಂಡಾಧಿಕಾರಿಯ ಆದೇಶ ಬೇಕು. ತೋಟದಲ್ಲಿ ಸುಟ್ಟು ನೋಂದಣಿಯನ್ನು ಮರೆತವರು ಪೌತಿ ಖಾತೆಗಾಗಿ ವರ್ಷಗಟ್ಟಲೆ ಅಲೆಯುವುದನ್ನು ಪ್ರತಿ ತಾಲ್ಲೂಕು ಕಚೇರಿಯಲ್ಲೂ ನೋಡಬಹುದು.

ಕೊನೆಯದಾಗಿ ಒಂದು ಮಾತು. ಖರ್ಚು ತಗ್ಗಿಸುವಾಗ ಯಾರ ಪಾಲನ್ನು ತಗ್ಗಿಸಬಾರದು ಎಂಬ ವಿವೇಕವೂ ಇರಬೇಕು. ಗುಂಡಿ ತೋಡುವವರು, ಕುಲುಮೆಯ ಮುಂದೆ ಹಗಲಿರುಳು ನಿಲ್ಲುವವರು ಬಹುತೇಕ ತಲೆಮಾರುಗಳಿಂದ ಅದೇ ಕೆಲಸದಲ್ಲಿರುವ ದಲಿತ ಕುಟುಂಬಗಳವರು. 2020ರಲ್ಲಿ ಒಂದು ಕೋವಿಡ್ ಶವಕ್ಕೆ 500 ರೂ. ಪ್ರೋತ್ಸಾಹಧನವೆಂದು ಘೋಷಿಸಲಾಯಿತು. ಆ ಕಾಲದಲ್ಲಿ ಬಂಧುಗಳೇ ಮುಟ್ಟಲು ಹೆದರಿದ ದೇಹಗಳನ್ನು ಎತ್ತಿದವರು ಅವರು. ಅವರಿಗೆ ಕ್ರಮವಾದ ಸಂಬಳ, ಕೈಗವಸು, ಆರೋಗ್ಯ ತಪಾಸಣೆ ಸಿಕ್ಕರೆ ಶವದ ಮುಂದೆ ಕೈಯೊಡ್ಡುವ ಪ್ರಮೇಯವೇ ಬಾರದು. ಸ್ಮಶಾನದ ದರಪಟ್ಟಿಯನ್ನು ಬಾಗಿಲಲ್ಲಿ ಬರೆಸಬೇಕೆಂದು ಕೇಳುವಾಗ, ಅಲ್ಲಿ ದುಡಿಯುವವರ ಸಂಬಳವನ್ನೂ ಅದೇ ಅರ್ಜಿಯಲ್ಲಿ ಕೇಳಬೇಕು. ಮುಂದಿನ ಗ್ರಾಮಸಭೆಗೆ ಅಂಥದೊಂದು ಅರ್ಜಿಯನ್ನು ಈ ಶಿಬಿರದ ವಿದ್ಯಾರ್ಥಿಗಳು ಸಿದ್ಧಪಡಿಸಲಿ.