ನಿಸ್ತಂತು ಕೀಲಿಮಣೆ, ಮೌಸ್ ಮತ್ತು ಹೊರನಾಡ ಕನ್ನಡ ತರಗತಿ: ಕೆಲವು ಅಪೇಕ್ಷೆಗಳು



ಸೇಲಂ ಜಿಲ್ಲೆಯಲ್ಲಿ ಮೆಟ್ಟೂರಿಗೆ ನೆರೆಯಾದ ನಂಗವಳ್ಳಿಯ ಹೆಸರನ್ನು ತಮಿಳು ಲಿಪಿಯಲ್ಲಿ ಬರೆದಾಗ ನಡುವಿನ ‘ಗ’ಕಾರಕ್ಕೆ ಬೇರೆ ಅಕ್ಷರವಿಲ್ಲ. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ‘ಕ’. ಓದುವವರು ಸಂದರ್ಭವರಿತು ಉಚ್ಚರಿಸುತ್ತಾರೆ. ತಮಿಳಿಗೆ ಇದು ಕೊರತೆಯಲ್ಲ, ಆ ಭಾಷೆಯ ಧ್ವನಿವ್ಯವಸ್ಥೆಗೆ ಅಷ್ಟು ಸಾಕು. ಆದರೆ ಮನೆಯಲ್ಲಿ ಕನ್ನಡವಾಡುವ ಭಾಗ್ಯ ಎಂಬ ಹೆಸರಿನ ಹುಡುಗಿಯೊಬ್ಬಳು ಶಾಲೆಯ ಗಣಕದಲ್ಲಿ ತನ್ನ ಹೆಸರನ್ನು ತಮಿಳಿನಲ್ಲಿ ಮೂಡಿಸಿದರೆ ಪರದೆಯ ಮೇಲೆ ಕಾಣುವ ಅಕ್ಷರಗಳು ‘ಪಾಕ್ಯಾ’ ಎಂದಿರುತ್ತವೆ. ಇಂಗ್ಲಿಷಿನಲ್ಲಿ ಮೂಡಿಸಿದರೆ ಮಹಾಪ್ರಾಣಕ್ಕಾಗಿ ‘ಎಚ್’ ಎಂಬ ಅಕ್ಷರದ ಆಸರೆ ಬೇಕು. ಅವ್ವ ಕರೆಯುವ ಹೆಸರು ಅದೇ ಧ್ವನಿಯಲ್ಲಿ ಪರದೆಯ ಮೇಲೆ ಬರಬೇಕಾದರೆ ಆ ಮಗುವಿಗೆ ಕನ್ನಡದ ಕೀಲಿಮಣೆ ದೊರೆಯಬೇಕು. ಇಂದಿನ ಉಪನ್ಯಾಸದ ವಿಷಯ ನಿಸ್ತಂತು ಕೀಲಿಮಣೆ, ಮೌಸ್, ಟ್ರ್ಯಾಕ್‌ಪ್ಯಾಡ್‌ಗಳೇ ಆಗಿದ್ದರೂ ಅವುಗಳನ್ನು ನೋಡಬೇಕಾದುದು ಈ ಮಗುವಿನ ಕಡೆಯಿಂದ.

ಸೇಲಂ, ಧರ್ಮಪುರಿ ಸೀಮೆಗಳಲ್ಲಿ ಕನ್ನಡ ಬಹುಮಟ್ಟಿಗೆ ಕಿವಿಯ ಭಾಷೆಯಾಗಿ ಉಳಿದಿದೆ. ದೇವಾಂಗ ನೇಕಾರರ ಮನೆಗಳಲ್ಲಿ, ಒಕ್ಕಲಿಗರ ಹೊಲಗಳಲ್ಲಿ ಮಾತು ಕನ್ನಡ. ಸಂತೆಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ತಮಿಳು. ತಮಿಳುನಾಡಿನ 2006ರ ತಮಿಳು ಕಲಿಕಾ ಅಧಿನಿಯಮದ ಬಳಿಕ ತಮಿಳು ಒಂದನೆಯ ತರಗತಿಯಿಂದ ಹಂತಹಂತವಾಗಿ ಕಡ್ಡಾಯವಾಯಿತು. ನೆಲದ ಭಾಷೆಯನ್ನು ಮಗು ಕಲಿಯಲೇಬೇಕು, ಅದರಲ್ಲಿ ವಿವಾದಕ್ಕೆ ಎಡೆಯಿಲ್ಲ. ಆದರೆ ಬರವಣಿಗೆಯ ಒಂದೊಂದೇ ಎಡೆಯಿಂದ ಕನ್ನಡ ಹಿಂದೆ ಸರಿಯುತ್ತ ಹೋದರೆ, ಮಾತಿನಲ್ಲಿರುವ ಕನ್ನಡಕ್ಕೆ ಲಿಪಿಯ ಆಧಾರ ತಪ್ಪುತ್ತದೆ. ಗಣಕದ ಪರದೆ ಇಂದು ಅಂಥ ಎಡೆಗಳಲ್ಲಿ ಮುಖ್ಯವಾದುದು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿಕೊಳ್ಳಬೇಕು. ಕೀಲಿಮಣೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಮುದ್ರಿತವಾಗಿರುವುದರಿಂದ ಅದು ಇಂಗ್ಲಿಷ್ ಯಂತ್ರವೆಂದು ಅನೇಕ ಶಾಲೆಗಳಲ್ಲಿ ಭಾವನೆಯಿದೆ. ವಾಸ್ತವವಾಗಿ ಕೀಲಿಮಣೆ ಗಣಕಕ್ಕೆ ಅಕ್ಷರವನ್ನು ಕಳುಹಿಸುವುದೇ ಇಲ್ಲ. ಯಾವ ಕೀಲಿಯನ್ನು ಒತ್ತಲಾಯಿತು ಎಂಬ ಸಂಕೇತಸಂಖ್ಯೆಯನ್ನು ಮಾತ್ರ ಕಳುಹಿಸುತ್ತದೆ. ಆ ಸಂಖ್ಯೆಯನ್ನು ‘ಕ’ ಎಂದು ಓದಬೇಕೇ, ತಮಿಳಿನ ಅಕ್ಷರವೆಂದು ಓದಬೇಕೇ, ಇಂಗ್ಲಿಷಿನದೆಂದು ಓದಬೇಕೇ ಎಂಬುದನ್ನು ತೀರ್ಮಾನಿಸುವುದು ಗಣಕದೊಳಗಿನ ವಿನ್ಯಾಸ. ತಂತಿಯಿದ್ದರೂ ಇಲ್ಲದಿದ್ದರೂ ಇದು ಹೀಗೆಯೇ. ಆದಕಾರಣ ಸೇಲಂ ಪೇಟೆಯಲ್ಲಿ ಕೊಂಡ ಯಾವುದೇ ಕೀಲಿಮಣೆ ಕನ್ನಡಕ್ಕೆ ಒದಗುತ್ತದೆ. ವಿನ್ಯಾಸವನ್ನು ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ಸೇರಿಸಬೇಕಷ್ಟೆ.

ಯಾವ ವಿನ್ಯಾಸ ಎಂಬ ಪ್ರಶ್ನೆ ಮಾತ್ರ ಹೊರನಾಡ ಶಿಕ್ಷಕರಿಗೆ ಕರ್ನಾಟಕದ ಶಿಕ್ಷಕರಿಗಿಂತ ಹೆಚ್ಚು ಕಠಿನ. ಕರ್ನಾಟಕದಲ್ಲಿ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಸರಕಾರದ ಮಾನ್ಯತೆ ಪಡೆದು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಮನೆಮಾತಾಗಿದೆ. ಇಂಗ್ಲಿಷಿನ 26 ಕೀಲಿಗಳೊಳಗೇ ಇಡೀ ಕನ್ನಡ ವರ್ಣಮಾಲೆಯನ್ನು ಅಡಗಿಸಿದ ಜಾಣ್ಮೆ ಅದರದು. ‘ಕೆ’ ಒತ್ತಿದರೆ ಕ, ಶಿಫ್ಟ್‌ನೊಡನೆ ಒತ್ತಿದರೆ ಖ. ಕೇಂದ್ರ ಸರಕಾರದ ಇಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಹೊರತಂದ ಇನ್‌ಸ್ಕ್ರಿಪ್ಟ್ ವಿನ್ಯಾಸದ ಚಿಂತನೆ ಬೇರೆ. ಅಲ್ಲಿ ಎಡಗೈಗೆ ಸ್ವರಗಳು, ಬಲಗೈಗೆ ಬಹುಮಟ್ಟಿಗೆ ವ್ಯಂಜನಗಳು. ಮೇಲಾಗಿ ಭಾರತೀಯ ಲಿಪಿಗಳೆಲ್ಲಕ್ಕೂ ಸ್ಥಾನಗಳು ಸಮಾನ. ಕನ್ನಡದಲ್ಲಿ ‘ತ’ ಇರುವ ಕೀಲಿಯಲ್ಲೇ ತಮಿಳಿನ ‘ತ’ಕಾರವೂ ಇರುತ್ತದೆ. ಮೂರನೆಯದು ತಮಿಳುನಾಡು ಸರಕಾರ 1999ರಲ್ಲಿ ಅಂಗೀಕರಿಸಿದ ‘ತಮಿಳ್ 99’. ತಮಿಳು ಪಾಠಕ್ಕೆ ಮಗು ಎದುರಿಸಬಹುದಾದ ವಿನ್ಯಾಸ ಇದು.

ಈ ಮೂರರ ನಡುವೆ ಒಂದು ಆಕಸ್ಮಿಕ ಹೊಂದಾಣಿಕೆಯಿದೆ. ಕೆ.ಪಿ. ರಾವ್ ವಿನ್ಯಾಸದಲ್ಲಿ ವ್ಯಂಜನದ ಅಕಾರವನ್ನು ಕಳೆದು ಒತ್ತಕ್ಷರಕ್ಕೆ ದಾರಿ ಮಾಡುವ ಕೀಲಿ ‘ಎಫ್’. ತಮಿಳ್ 99ರಲ್ಲಿ ಅಕ್ಷರದ ಮೇಲೆ ‘ಪುಳ್ಳಿ’ಯನ್ನು ಇಡುವ ಕೀಲಿಯೂ ‘ಎಫ್’. ಸಾಮಾನ್ಯವಾಗಿ ಎಲ್ಲ ಕೀಲಿಮಣೆಗಳಲ್ಲಿ ‘ಎಫ್’ ಮತ್ತು ‘ಜೆ’ ಕೀಲಿಗಳ ಮೇಲೆ ಬೆರಳಿಗೆ ತಾಗುವ ಸಣ್ಣ ಉಬ್ಬುಗೆರೆ ಇರುತ್ತದೆ. ನೋಡದೆ ಬೆರಳಚ್ಚಿಸುವವರ ತೋರುಬೆರಳುಗಳಿಗೆ ಅವು ನೆಲೆ. ಎರಡು ಭಾಷೆಯ ಮಗು ಕಣ್ಣು ಮುಚ್ಚಿ ಆ ಗೆರೆಯನ್ನು ಮುಟ್ಟಿದರೆ ಎರಡು ಭಾಷೆಗಳಲ್ಲೂ ಅರ್ಧಾಕ್ಷರ ಅದರ ಬೆರಳಿನ ಕೆಳಗೇ ಇರುತ್ತದೆ. ಊರಿನ ಹೆಸರನ್ನೇ ಅಭ್ಯಾಸಕ್ಕೆ ಕೊಡಬಹುದು. ‘ನಂಗವಳ್ಳಿ’ ಎಂದು ಮೂಡಿಸಲು ಎನ್, ಶಿಫ್ಟ್ ಎಂ, ಜಿ, ವಿ, ಶಿಫ್ಟ್ ಎಲ್, ಎಫ್, ಶಿಫ್ಟ್ ಎಲ್, ಐ, ಹೀಗೆ ಎಂಟು ಒತ್ತು. ತಮಿಳ್ 99ರಲ್ಲಿ ‘ಳ’ವನ್ನು ಎರಡು ಬಾರಿ ಒತ್ತಿದರೆ ಸಾಕು, ಪುಳ್ಳಿ ತಾನಾಗಿ ಬೀಳುತ್ತದೆ. ಈ ವ್ಯತ್ಯಾಸವನ್ನು ಮಕ್ಕಳೇ ಕಂಡುಹಿಡಿದು ಹೇಳುವಂತೆ ಮಾಡಿದರೆ ಎರಡು ಲಿಪಿಗಳ ಸ್ವಭಾವವೂ ಒಂದೇ ಪಾಠದಲ್ಲಿ ಮನದಟ್ಟಾಗುತ್ತದೆ.

ಆಯ್ಕೆಯ ವಿಷಯದಲ್ಲಿ ಮೊಗಮಾಟ ಬೇಡ. ಕನ್ನಡ, ತಮಿಳು ಎರಡನ್ನೂ ಬರೆಯಬೇಕಾದ ಮಗುವಿಗೆ ತತ್ತ್ವತಃ ಇನ್‌ಸ್ಕ್ರಿಪ್ಟ್ ಮೇಲು. ಒಮ್ಮೆ ಕಲಿತ ಬೆರಳು ಎರಡು ಭಾಷೆಗೆ ದುಡಿಯುತ್ತದೆ. ಆದರೆ ಅಂಗಡಿಯ ಕೀಲಿಮಣೆಗಳಲ್ಲಿ ಕನ್ನಡದ ಮುದ್ರಣವಿಲ್ಲದಿರುವಾಗ ನಾಲ್ಕನೆಯ ತರಗತಿಯ ಮಗು ‘ತ’ ಎಲ್ಲಿದೆ ಎಂದು ಹುಡುಕುವುದರಲ್ಲೇ ಪಾಠದ ಅವಧಿ ಮುಗಿದುಹೋಗುತ್ತದೆ. ಆದುದರಿಂದ ಇಂದಿನ ಸ್ಥಿತಿಯಲ್ಲಿ ಕೆ.ಪಿ. ರಾವ್ ವಿನ್ಯಾಸದಿಂದ ಆರಂಭಿಸುವುದೇ ಸಾಧು. ಮೊದಲನೆಯ ಅಪೇಕ್ಷೆ ಇಲ್ಲಿಯೇ ಹುಟ್ಟುತ್ತದೆ. ಮುಂದೆ ಬರುವ ನಿಸ್ತಂತು ಕೀಲಿಮಣೆಗಳಲ್ಲಿ ಪ್ರತಿ ಕೀಲಿಯ ಒಂದು ಮೂಲೆಯಲ್ಲಿ ಕನ್ನಡ, ಇನ್ನೊಂದರಲ್ಲಿ ತಮಿಳು ಮುದ್ರಿತವಾಗಿರಲಿ. ರಷ್ಯಾದ ಆರ್ಟ್ ಲೆಬೆದೆವ್ ಸ್ಟುಡಿಯೋ 2008ರಲ್ಲಿ ಮಾರುಕಟ್ಟೆಗೆ ತಂದ ‘ಆಪ್ಟಿಮಸ್ ಮ್ಯಾಕ್ಸಿಮಸ್’ ಕೀಲಿಮಣೆಯ ಪ್ರತಿ ಕೀಲಿಯೂ ಒಂದು ಪುಟ್ಟ ಪರದೆಯಾಗಿತ್ತು. ಭಾಷೆ ಬದಲಿಸಿದೊಡನೆ ಕೀಲಿಯ ಮೇಲಿನ ಅಕ್ಷರವೂ ಬದಲಾಗುತ್ತಿತ್ತು. ಅದರ ಬೆಲೆ ಶಾಲೆಗಳ ಕೈಗೆ ಎಟುಕುವಂಥದಾಗಿರಲಿಲ್ಲ. ಈಗ ದೊಡ್ಡ ಅಂಗಡಿಗಳಲ್ಲಿ ಬೆಲೆಚೀಟಿಗಳಿಗೆ ಬಳಸುವ, ಅಕ್ಷರ ಬದಲಾಗುವಾಗ ಮಾತ್ರ ವಿದ್ಯುತ್ತು ಬೇಡುವ ಇ-ಕಾಗದದ ಪರದೆಗಳು ಬಂದಿವೆ. ಅದೇ ತಂತ್ರ ಕೀಲಿಗಳಿಗೆ ಇಳಿದು ಬಂದರೆ ಬಹುಭಾಷಾ ತರಗತಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.

ಇನ್ನು ತಂತಿಯ ಮಾತು. ಒಂದೇ ಗಣಕ, ಒಂದು ಪ್ರೊಜೆಕ್ಟರ್, ಮೂವತ್ತು ಮಕ್ಕಳು ಇರುವ ಕೋಣೆಯಲ್ಲಿ ತಂತಿಯುಳ್ಳ ಕೀಲಿಮಣೆ ಶಿಕ್ಷಕರ ಮೇಜಿಗೆ ಕಟ್ಟಿಹಾಕಿದಂತೆ ಇರುತ್ತದೆ. ಅದರ ಬಳಿ ಬರುವವರು ಮುಂದಿನ ಸಾಲಿನ ಧೈರ್ಯವಂತರು. ನಿಸ್ತಂತು ಕೀಲಿಮಣೆಯಾದರೋ ಹಿಂದಿನ ಬೆಂಚಿನವರೆಗೂ ಹಲಗೆಯಂತೆ ಕೈಯಿಂದ ಕೈಗೆ ಸಾಗುತ್ತದೆ. ಎದ್ದು ನಿಂತು ಮಾತಾಡಲು ನಾಚುವ ಮಗು ಕುಳಿತಲ್ಲಿಂದಲೇ ಒಂದು ಪದವನ್ನು ಎಲ್ಲರ ಮುಂದಿನ ಪರದೆಯ ಮೇಲೆ ಮೂಡಿಸಬಹುದು. ಪದ ಸರಪಳಿಯ ಆಟ ಇದಕ್ಕೆ ಹೇಳಿ ಮಾಡಿಸಿದಂತಿದೆ: ಒಂದು ಮಗು ‘ಮಗ್ಗ’ ಎಂದು ಮೂಡಿಸಿದರೆ ಮುಂದಿನದು ‘ಗರಿ’, ಅದರ ಮುಂದಿನದು ‘ರಿವಾಜು’. ಐದು ತರಗತಿಗಳನ್ನು ಒಬ್ಬರೇ ನಡೆಸಬೇಕಾದ ಬಹುವರ್ಗ ಶಾಲೆಯಲ್ಲಿ ಕೀಲಿಮಣೆ ಒಂದು ಗುಂಪಿನಲ್ಲಿ ಸುತ್ತುತ್ತಿರುವಾಗ ಶಿಕ್ಷಕರು ಇನ್ನೊಂದು ಗುಂಪಿಗೆ ಲೆಕ್ಕ ಹೇಳಿಕೊಡಲು ಬಿಡುವು ದೊರೆಯುತ್ತದೆ.

ತಮಿಳುನಾಡು ಸರಕಾರ 2011ರಲ್ಲಿ ಆರಂಭಿಸಿದ ಉಚಿತ ಲ್ಯಾಪ್‌ಟಾಪ್ ಯೋಜನೆಯಲ್ಲಿ ಅಕ್ಕ ಅಣ್ಣಂದಿರಿಗೆ ದೊರೆತ ಯಂತ್ರಗಳು ಕೆಲವು ಮನೆಗಳಲ್ಲಿವೆ. ಹಳೆಯದಾಗಿ ಕೀಲಿಗಳು ಕಿತ್ತುಬಂದ ಲ್ಯಾಪ್‌ಟಾಪಿಗೂ ಹೊರಗಿನ ನಿಸ್ತಂತು ಕೀಲಿಮಣೆಯೊಂದನ್ನು ಜೋಡಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ಎಸೆಯುವ ಮುನ್ನ ಇದನ್ನು ಪರೀಕ್ಷಿಸಿ ನೋಡುವುದು ಲೇಸು.

ನಿಸ್ತಂತು ಸಾಧನಗಳ ತೊಡಕುಗಳೂ ಕಡಿಮೆಯಿಲ್ಲ. ಅಗ್ಗದ ಕೀಲಿಮಣೆಗಳು 2.4 ಗಿಗಾಹರ್ಟ್ಸ್ ತರಂಗದಲ್ಲಿ, ಗಣಕಕ್ಕೆ ಸಿಕ್ಕಿಸುವ ಹುಣಿಸೆಬೀಜದಷ್ಟು ಪುಟ್ಟ ರಿಸೀವರಿನ ಮೂಲಕ ಕೆಲಸ ಮಾಡುತ್ತವೆ. ಆ ಬೀಜ ಕಳೆದುಹೋದರೆ, ಶಾಲೆಯಲ್ಲಿ ಅದು ಕಳೆಯದೇ ಇರುವುದೇ ಸೋಜಿಗ, ಅನೇಕ ಕೀಲಿಮಣೆಗಳು ನಿರುಪಯುಕ್ತವಾಗುತ್ತವೆ. ಒಂದು ಕಂಪೆನಿಯ ರಿಸೀವರ್ ಇನ್ನೊಂದರ ಕೀಲಿಮಣೆಗೆ ಓಗೊಡುವುದಿಲ್ಲ. ಬ್ಲೂಟೂತ್ ಎಲ್ಲರಿಗೂ ಸಮಾನವಾದ ಮಾನಕವಾದರೂ ಶಾಲೆಗಳ ಹಳೆಯ ಮೇಜುಗಣಕಗಳಲ್ಲಿ ಅದು ಇರುವುದು ಅಪರೂಪ. ಯಾವ ಕಂಪೆನಿಯ ಕೀಲಿಮಣೆಗಾದರೂ ಹೊಂದುವ, ಬಿಡಿಯಾಗಿ ದೊರೆಯುವ ಒಂದು ಸಾಮಾನ್ಯ ರಿಸೀವರ್ ಬರಲಿ ಎಂಬುದು ಎರಡನೆಯ ಅಪೇಕ್ಷೆ. ಅದು ಬರುವವರೆಗೆ ಕೀಲಿಮಣೆಗೂ ರಿಸೀವರಿಗೂ ಒಂದೇ ಬಣ್ಣದ ಚುಕ್ಕೆ ಹಚ್ಚಿ, ಯಾವುದು ಯಾವುದರ ಜೊತೆ ಎಂದು ದಾಸ್ತಾನು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು.

ಬ್ಯಾಟರಿಯ ವಿಷಯ ಬೇಗ ಮುಗಿಸಬಹುದು. ಸೆಲ್ ಹಾಕುವ ಸಾಧನಗಳಿಂದ ಮೇ ತಿಂಗಳ ರಜೆಗೆ ಮುನ್ನ ಸೆಲ್‌ಗಳನ್ನು ತೆಗೆದಿಡಬೇಕು, ಇಲ್ಲವಾದರೆ ಅವು ಸೋರಿ ಲೋಹದ ಪಟ್ಟಿಗಳನ್ನು ತಿನ್ನುತ್ತವೆ. ಚಾರ್ಜು ಮಾಡುವ ಸಾಧನಗಳಲ್ಲಿ ಫೋನಿನ ಟೈಪ್-ಸಿ ತಂತಿಯೇ ಹೊಂದುವುದು ಅನುಕೂಲ. ಐರೋಪ್ಯ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಚಾರ್ಜು ಮಾಡಬಹುದಾದ ಕೀಲಿಮಣೆ, ಮೌಸ್‌ಗಳಿಗೂ ಇದು ಕಡ್ಡಾಯವಾಗಿದೆ. ಮಗ್ಗದ ಸೀಮೆಯ ಶಾಲೆಗಳಿಗೆ ಇನ್ನೊಂದು ಬೇಡಿಕೆಯುಂಟು: ಹತ್ತಿ ನೂಲಿನ ನವಿರು ಗಾಳಿಯಲ್ಲಿ ತೇಲಿ ಬಂದು ಕೀಲಿಗಳ ಸಂದಿನಲ್ಲಿ ಕೂಡುತ್ತದೆ, ಕೀಲಿಗಳನ್ನು ಬಿಚ್ಚಿ ಒರೆಸಿ ಮತ್ತೆ ಕೂಡಿಸಲು ಬರುವಂಥ ರಚನೆ ಬೇಕು.

ಮೌಸ್ ಮತ್ತು ಟ್ರ್ಯಾಕ್‌ಪ್ಯಾಡ್‌ಗಳ ವಿಷಯದಲ್ಲಿ ಕನ್ನಡಕ್ಕೆ ವಿಶೇಷವೇನಿದೆ ಎಂದು ಕೇಳಬಹುದು. ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟರ ಬಳಗದಲ್ಲಿ 1964ರ ಸುಮಾರಿಗೆ ಮರದ ಡಬ್ಬಿಯಾಗಿ ಹುಟ್ಟಿದ ಮೌಸಿನ ಕೆಲಸ ಇಂದಿಗೂ ಒಂದೇ, ತೋರಿಸುವುದು. ಇಂಗ್ಲಿಷಿನಲ್ಲಿ ಯಾವ ಎರಡು ಅಕ್ಷರಗಳ ನಡುವೆಯಾದರೂ ತೋರುಗೆರೆಯನ್ನು ಇಡಬಹುದು. ಕನ್ನಡದ ‘ವಿದ್ಯಾರ್ಥಿ’ಯಲ್ಲಿ ‘ದ್ಯಾ’ ಎಂಬುದರ ನಡುವೆ ಸಾಮಾನ್ಯವಾಗಿ ಮೌಸ್ ಹೋಗಿ ನಿಲ್ಲುವುದಿಲ್ಲ. ಸಂಯುಕ್ತಾಕ್ಷರ ಅದರ ಕಣ್ಣಿಗೆ ಒಂದೇ ಇಟ್ಟಿಗೆ. ಒಳಗೆ ಹೋಗಬೇಕಾದರೆ ಕೀಲಿಮಣೆಯ ಬ್ಯಾಕ್‌ಸ್ಪೇಸ್ ಬೇಕು. ಅದನ್ನು ಒತ್ತುತ್ತ ಹೋದರೆ ‘ದ್ಯಾ’ ಮೊದಲು ‘ದ್ಯ’ ಆಗುತ್ತದೆ, ಬಳಿಕ ‘ದ್’, ಕೊನೆಗೆ ‘ದ’. ‘ರ್ಥಿ’ಯಲ್ಲಿ ಗುಡಿಸು ಹೋಗಿ ‘ರ್ಥ’ ಉಳಿಯುತ್ತದೆ. ಮತ್ತೊಮ್ಮೆ ಒತ್ತಿದರೆ ‘ಥ’ ಹೋಗಿ, ಇಷ್ಟು ಹೊತ್ತೂ ಬಲಬದಿಯಲ್ಲಿ ಅಂಟಿಕೊಂಡಿದ್ದ ಅರ್ಕಾವೊತ್ತು ಥಟ್ಟನೆ ‘ರ್’ ಆಗಿ ಎದ್ದು ನಿಲ್ಲುತ್ತದೆ.

‘ಬಿಡಿಸಿ ಬರೆಯಿರಿ’ ಎಂಬ ಪ್ರಶ್ನೆಗೆ ಇದಕ್ಕಿಂತ ಸಜೀವವಾದ ಉದಾಹರಣೆ ಕರಿಹಲಗೆಯ ಮೇಲೆ ದೊರೆಯದು. ಅರ್ಕಾವೊತ್ತನ್ನು ಬರೆಯುವುದು ಕೊನೆಯಲ್ಲಿ, ಉಚ್ಚರಿಸುವುದು ಮೊದಲು ಎಂದು ಎಷ್ಟು ಬಾರಿ ಹೇಳಿದರೂ ಮಕ್ಕಳು ತಪ್ಪುತ್ತಾರೆ. ಹಳೆಯ ಬೆರಳಚ್ಚು ಯಂತ್ರವೂ ಕಣ್ಣಿಗೆ ಕಂಡ ಆಕಾರವನ್ನೇ ಅನುಸರಿಸುತ್ತಿತ್ತು. ಗಣಕದಲ್ಲಿ ಮಾತ್ರ ಆರ್, ಎಫ್, ಶಿಫ್ಟ್ ಟಿ ಎಂಬ ಕ್ರಮದಲ್ಲಿ, ಬಾಯಿ ನುಡಿದ ಕ್ರಮದಲ್ಲೇ, ಒತ್ತದೆ ಹೋದರೆ ‘ರ್ಥ’ ಮೂಡುವುದಿಲ್ಲ. ಗಮನದಲ್ಲಿಡಬೇಕಾದ ಒಂದು ಸೂಕ್ಷ್ಮವೂ ಇದೆ. ವ್ಯಾಕರಣದಲ್ಲಿ ‘ದ್’ ಮೂಲ, ಅದಕ್ಕೆ ಸ್ವರ ಸೇರಿ ‘ದ’. ಗಣಕದಲ್ಲಿ ‘ದ’ವೇ ಮೂಲ, ಚಿಹ್ನೆ ಸೇರಿ ‘ದ್’. ಮೇಲಿನ ತರಗತಿಗಳಲ್ಲಿ ಈ ವ್ಯತ್ಯಾಸವನ್ನು ಹೇಳದೆ ಬಿಟ್ಟರೆ ವರ್ಣವಿಂಗಡಣೆಯಲ್ಲಿ ಗೊಂದಲ ಹುಟ್ಟುತ್ತದೆ.

ಫೋನಿನ ಗಾಜನ್ನು ಸವರಿ ಬೆಳೆದ ಮಕ್ಕಳಿಗೆ ಮೌಸಿಗಿಂತ ಟ್ರ್ಯಾಕ್‌ಪ್ಯಾಡ್ ಬೇಗ ಒಗ್ಗುತ್ತದೆ. ಬೆರಳಿನ ಒಂದು ಚಲನೆಯಿಂದ ಸಂಯುಕ್ತಾಕ್ಷರದ ಒಳಹೊಕ್ಕು ಒಂದು ಘಟಕವನ್ನಷ್ಟೇ ಆಯ್ದು ಬದಲಿಸಲು ಅವಕಾಶ ಮಾಡಿಕೊಡುವ ಟ್ರ್ಯಾಕ್‌ಪ್ಯಾಡ್ ಬರಲಿ ಎಂಬುದು ಮೂರನೆಯ ಅಪೇಕ್ಷೆ. ಇದಕ್ಕೆ ಸಾಧನದೊಡನೆ ತಂತ್ರಾಂಶವೂ ಬದಲಾಗಬೇಕಾದೀತು. ಮೌಸ್ ಮಾತ್ರ ಮಗುವಿನ ಅಂಗೈಗೆ ತಕ್ಕಷ್ಟು ಚಿಕ್ಕದಾಗಿರಲಿ. ಬೆಲೆಬಾಳುವುದೆಲ್ಲ ಅನುಕೂಲವೆಂದು ಭಾವಿಸಬೇಕಾಗಿಲ್ಲ: ಆಪಲ್ ಕಂಪೆನಿಯ ಮ್ಯಾಜಿಕ್ ಮೌಸಿಗೆ 2024ರಲ್ಲಿ ಟೈಪ್-ಸಿ ಬಂದರೂ ಚಾರ್ಜಿನ ರಂಧ್ರ ಹೊಟ್ಟೆಯ ಕೆಳಗೇ ಉಳಿಯಿತು, ಚಾರ್ಜು ಆಗುವಾಗ ಅದನ್ನು ಬಳಸಲು ಬರುವುದಿಲ್ಲ.

ಎಮಿಸ್‌ನಲ್ಲಿ ಮಕ್ಕಳ ವಿವರ ತುಂಬುವ ಗಣಕಕ್ಕೆ ತೀರ ಅಗ್ಗದ ನಿಸ್ತಂತು ಸಾಧನ ಬೇಡ. ಬ್ಲೂಟೂತ್ ಅಲ್ಲದ ಹಲವು ಕಂಪೆನಿಗಳ ಮೌಸ್, ಕೀಲಿಮಣೆಗಳ ರಿಸೀವರುಗಳಿಗೆ ದೂರದಿಂದಲೇ ಹುಸಿ ಕೀಲಿಯೊತ್ತುಗಳನ್ನು ಕಳುಹಿಸಬಹುದೆಂದು 2016ರಲ್ಲಿ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಕಚೇರಿಯ ಕೆಲಸಕ್ಕೆ ತಂತಿಯ ಕೀಲಿಮಣೆಯೇ ಇರಲಿ, ತರಗತಿಗೆ ನಿಸ್ತಂತು.

ಎರಡು ಭಾಷೆಯ ಮುದ್ರಣವುಳ್ಳ ಕೀಲಿಮಣೆ ಬರುವವರೆಗೆ ಅಂಟಿಸುವ ಚೀಟಿಗಳೇ ಗತಿ. ಪಾರದರ್ಶಕ ಹಾಳೆಯ ಮೇಲೆ ಐದನೆಯ ತರಗತಿಯ ಮಕ್ಕಳಿಂದಲೇ ಅಕ್ಷರ ಬರೆಸಿ, ಕತ್ತರಿಸಿ ಅಂಟಿಸಬಹುದು. ಅಲ್ಪಪ್ರಾಣ ಕೆಳಗೆ, ಶಿಫ್ಟ್‌ನೊಡನೆ ಬರುವ ಮಹಾಪ್ರಾಣ ಮೇಲೆ. ‘ಎಫ್’ ಮತ್ತು ‘ಜೆ’ ಕೀಲಿಗಳಿಗೆ ಮಾತ್ರ ಚೀಟಿಯನ್ನು ಅರ್ಧಕ್ಕೆ ಕತ್ತರಿಸಿ ಮೇಲ್ಭಾಗದಲ್ಲಿ ಅಂಟಿಸಬೇಕು. ಪೂರ್ತಿ ಅಂಟಿಸಿದರೆ ಕೆಳಗಿನ ಉಬ್ಬುಗೆರೆ ಮುಚ್ಚಿಹೋಗಿ ಬೆರಳಿಗೆ ತಾಗುವುದಿಲ್ಲ.